ಕೊಡಗಿನ ಗುಡ್ಡ ಕುಸಿತವನ್ನು ಉಪಗ್ರಹ ಚಿತ್ರಗಳಿಂದ ಗುರುತಿಸುವುದು: ಹಂತ ಹಂತದ ಸಮಗ್ರ ಮಾರ್ಗದರ್ಶಿ

2018ರ ಆಗಸ್ಟ್ ಮಧ್ಯದ ಮಳೆಗೆ ಮಡಿಕೇರಿ ಸುತ್ತಲಿನ ಮಕ್ಕಂದೂರು, ಮುಕ್ಕೋಡ್ಲು, ಹೆಬ್ಬೆಟ್ಟಗೇರಿ, ಜೋಡುಪಾಲದ ಕಡೆ ಗುಡ್ಡಗಳು ಜಾರಿ ತೋಟ, ಮನೆ, ರಸ್ತೆಗಳನ್ನು ಹೊತ್ತುಕೊಂಡು ಹೋದವು. 2020ರ ಆಗಸ್ಟ್ ಮೊದಲ ವಾರದಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. 2024ರ ಜುಲೈ 16ರಂದು ಉತ್ತರ ಕನ್ನಡದ ಶಿರೂರು, ಅದೇ ತಿಂಗಳ 30ರಂದು ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ. ಇಂಥ ಪ್ರತಿ ಮಳೆಗಾಲದ ನಂತರ ಎಲ್ಲೆಲ್ಲಿ ಕುಸಿಯಿತು, ಎಷ್ಟು ಜಾಗ ಹೋಯಿತು, ಮಣ್ಣು ಎಲ್ಲಿಗೆ ಹರಿಯಿತು ಎಂಬ ಪಟ್ಟಿ ಬೇಕಾಗುತ್ತದೆ. ಭೂವಿಜ್ಞಾನಿಗಳು ಇದಕ್ಕೆ ಭೂಕುಸಿತ ದಾಖಲೆ ಪಟ್ಟಿ ಎನ್ನುತ್ತಾರೆ. ಉಚಿತ ಚಿತ್ರ, ಉಚಿತ ತಂತ್ರಾಂಶ ಬಳಸಿ ಒಂದು ತಾಲ್ಲೂಕಿನ ಪಟ್ಟಿಯನ್ನು ಮನೆಯಲ್ಲಿ ಕುಳಿತೇ ಮಾಡಬಹುದು. ಉದಾಹರಣೆಗೆ ಇಲ್ಲಿ 2018ರ ಮಡಿಕೇರಿಯನ್ನು ತೆಗೆದುಕೊಂಡಿದ್ದೇವೆ. ವರ್ಷ ಬದಲಿಸಿದರೆ ಇದೇ ಕ್ರಮ ಚಿಕ್ಕಮಗಳೂರಿಗೂ ಸಕಲೇಶಪುರಕ್ಕೂ ಹೊಂದುತ್ತದೆ.

ಮೊದಲೇ ಒಂದು ಮಾತು. ದೂರಸಂವೇದನೆ (ಉಪಗ್ರಹದಿಂದ ನೆಲವನ್ನು ಗಮನಿಸುವುದು) ಎಂದೊಡನೆ ಅನೇಕರು ರೇಡಾರ್ ಇಂಟರ್‌ಫೆರೋಮೆಟ್ರಿಗೆ (ಬೇರೆ ಬೇರೆ ದಿನದ ರೇಡಾರ್ ಅಲೆಗಳನ್ನು ಹೋಲಿಸಿ ನೆಲದ ಚಲನೆ ಅಳೆಯುವ ವಿಧಾನಕ್ಕೆ) ಹಾರುತ್ತಾರೆ. ನಮ್ಮ ಕಾಫಿ ತೋಟ, ದಟ್ಟ ಕಾಡಿನ ಗುಡ್ಡಗಳಲ್ಲಿ ಅದಕ್ಕಿಂತ ಹೆಚ್ಚು ಫಲ ಕೊಡುವುದು ಕುಸಿತಕ್ಕೆ ಮುಂಚಿನ ಹಾಗೂ ನಂತರದ, ಒಂದೇ ಋತುವಿನ ಎರಡು ಬೆಳಕಿನ ಚಿತ್ರಗಳ ಹೋಲಿಕೆ ಮತ್ತು ತಾಳ್ಮೆಯ ಕಣ್ಣು. ಹಾಗಾಗಿ ಈ ಬರಹದ ಬಹುಪಾಲು ಅದಕ್ಕೇ ಮೀಸಲು.

ಏನು ಕಾಣುತ್ತದೆ, ಏನು ಕಾಣುವುದಿಲ್ಲ

ಯುರೋಪಿನ ಸೆಂಟಿನೆಲ್-2 ಉಪಗ್ರಹದ ನೀಲಿ, ಹಸಿರು, ಕೆಂಪು ಮತ್ತು ಸಮೀಪದ ಅವಕೆಂಪು (ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು) ಬ್ಯಾಂಡುಗಳ ಪಿಕ್ಸೆಲ್ 10 ಮೀಟರ್. ಅಂದರೆ ಒಂದು ಪಿಕ್ಸೆಲ್ 100 ಚದರ ಮೀಟರ್, ಸುಮಾರು ಎರಡೂವರೆ ಸೆಂಟ್ ಜಾಗ. ಮೂವತ್ತು ಮೀಟರ್ ಅಗಲದ ಕುಸಿತ ಅಡ್ಡಕ್ಕೆ ಮೂರೇ ಪಿಕ್ಸೆಲ್. ಮನೆ ಹಿಂದಿನ ಬರೆ ಕುಸಿದದ್ದು, ರಸ್ತೆ ಬದಿಯ ಧರೆ ನಾಲ್ಕು ಲಾರಿ ಮಣ್ಣು ಉದುರಿಸಿದ್ದು ಇದರಲ್ಲಿ ಕಾಣದು. ಅಂಥವೇ ಹೆಚ್ಚು ಜೀವ ತೆಗೆಯಬಹುದು, ಆದರೆ ಅವುಗಳ ಪಟ್ಟಿ ಪಂಚಾಯಿತಿ ಮತ್ತು ಲೋಕೋಪಯೋಗಿ ಇಲಾಖೆಯ ದಾಖಲೆಯಿಂದಲೇ ಬರಬೇಕು. ಉಪಗ್ರಹದ ಪಟ್ಟಿಯಲ್ಲಿ ಹತ್ತು ಪಿಕ್ಸೆಲ್, ಅಂದರೆ 0.1 ಹೆಕ್ಟೇರಿಗಿಂತ ಚಿಕ್ಕದನ್ನು ನಂಬಬೇಡಿ.

ಕುಸಿದ ಮೇಲಿನದನ್ನು ಮಾತ್ರ ಇದು ತೋರಿಸುತ್ತದೆ. ಯಾವ ಗುಡ್ಡ ಮುಂದೆ ಕುಸಿಯುತ್ತದೆ ಎಂಬ ಸಂಭಾವ್ಯತೆಯ ನಕ್ಷೆ ಬೇರೆಯೇ ಕೆಲಸ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು 1:50,000 ಪ್ರಮಾಣದಲ್ಲಿ ಮಾಡಿದೆ.

ಬೇಕಾದ ಸಾಮಗ್ರಿ

ಕ್ಯೂಜಿಐಎಸ್ ಎಂಬ ಉಚಿತ ನಕ್ಷೆ ತಂತ್ರಾಂಶ, 8 ಜಿಬಿ ರ್‍ಯಾಮ್ ಇರುವ ಗಣಕ, ಗೂಗಲ್ ಅರ್ಥ್ ಪ್ರೊ, ಮತ್ತು ಸೆಂಟಿನೆಲ್ ಚಿತ್ರಗಳು ಸಿಗುವ ಯುರೋಪಿನ ಕೋಪರ್ನಿಕಸ್ ಡೇಟಾ ಸ್ಪೇಸ್‌ನಲ್ಲಿ ಒಂದು ಉಚಿತ ಖಾತೆ. ಸೆಂಟಿನೆಲ್-2ರ ಒಂದು ಕಡತ ಒಂದು ಜಿಬಿಯ ಆಸುಪಾಸು ಇರುತ್ತದೆ. ಇಸ್ರೋದ ಭೂನಿಧಿ ತಾಣದಲ್ಲಿ ರಿಸೋರ್ಸ್‌ಸ್ಯಾಟ್‌ನ ಲಿಸ್-4 ಚಿತ್ರ ಸಿಕ್ಕರೆ ಅದನ್ನೂ ಇಳಿಸಿಕೊಳ್ಳಿ. ಅದರ ಪಿಕ್ಸೆಲ್ 5.8 ಮೀಟರ್, ಗಡಿ ತಿದ್ದುವಾಗ ಬಹಳ ಉಪಯೋಗ.

ಎತ್ತರದ ಮಾದರಿಗೆ ಕೋಪರ್ನಿಕಸ್‌ನ 30 ಮೀಟರ್ ಡಿಇಎಂ (ಪ್ರತಿ ಪಿಕ್ಸೆಲ್‌ಗೆ ಎತ್ತರ ಬರೆದಿರುವ ಕಡತ) ಸಾಕು. ಆಲೋಸ್ ಪಾಲ್ಸಾರ್ ಹೆಸರಿನಲ್ಲಿ ಸಿಗುವ 12.5 ಮೀಟರ್ ಡಿಇಎಂ ನೋಡಿ ಮರುಳಾಗಬೇಡಿ. ನಮ್ಮ ಭಾಗದಲ್ಲಿ ಅದು 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯ ರೇಡಾರ್ ಅಳೆದ ಎಸ್‌ಆರ್‌ಟಿಎಂ ದತ್ತಾಂಶವನ್ನೇ ಚಿಕ್ಕ ಪಿಕ್ಸೆಲ್‌ಗೆ ಹಿಗ್ಗಿಸಿದ್ದು, ಹೊಸ ವಿವರ ಏನೂ ಇಲ್ಲ. ಕೋಪರ್ನಿಕಸ್ ಮಾದರಿಗೂ ಒಂದು ಮಿತಿ ಇದೆ: ಅದು ಅಳೆಯುವುದು ಮರದ ತುದಿಯ ಮೇಲ್ಮೈಯನ್ನು, ನೆಲವನ್ನಲ್ಲ. ಕಾಡು ಮುಗಿದು ಗದ್ದೆ ಶುರುವಾಗುವ ಅಂಚಿನಲ್ಲಿ ಇಲ್ಲದ ಇಳಿಜಾರು ಕಾಣಿಸಿದರೆ ಕಾರಣ ಇದೇ.

ಹಂತ 1: ಚಿತ್ರಗಳ ಜೋಡಿ ಆರಿಸುವುದು

ಇಡೀ ಕೆಲಸದ ಮುಕ್ಕಾಲು ಗುಣಮಟ್ಟ ಇಲ್ಲೇ ನಿರ್ಧಾರವಾಗುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಮೇಲೆ ಮೋಡ. ಎರಡು ಉಪಗ್ರಹಗಳು ಸೇರಿ ಐದು ದಿನಕ್ಕೊಮ್ಮೆ ಹಾದುಹೋದರೂ ನೆಲ ಕಾಣುವುದು ಅಪರೂಪ. ಹಾಗೆಂದು ಮೇ ತಿಂಗಳ ಚಿತ್ರವನ್ನು ಮುಂಚಿನದಾಗಿಯೂ ನವೆಂಬರ್ ಚಿತ್ರವನ್ನು ನಂತರದ್ದಾಗಿಯೂ ಇಟ್ಟುಕೊಂಡರೆ ಕುಸಿತದ ಬದಲು ಋತು ಬದಲಾದದ್ದನ್ನು ಅಳೆದಂತಾಗುತ್ತದೆ. ಮೇ ತಿಂಗಳಲ್ಲಿ ಬೋಳಾಗಿದ್ದ ಗದ್ದೆ ನವೆಂಬರ್‌ನಲ್ಲಿ ಪೈರಿನಿಂದ ಹಸಿರಾಗಿರುತ್ತದೆ, ಎಲೆ ಉದುರಿಸಿದ ಮರಗಳು ಮತ್ತೆ ತುಂಬಿಕೊಂಡಿರುತ್ತವೆ. ಜನವರಿಗೆ ಕೊಯ್ಲಾಗಿ ಗದ್ದೆ ಮತ್ತೆ ಬೋಳು.

ಆದ್ದರಿಂದ ಎರಡೂ ಚಿತ್ರ ಒಂದೇ ಕ್ಯಾಲೆಂಡರ್ ಕಾಲದ್ದಾಗಿರಲಿ. 2018ರ ಆಗಸ್ಟ್ ಘಟನೆಗೆ 2017ರ ಡಿಸೆಂಬರ್ ಜೊತೆ 2018ರ ಡಿಸೆಂಬರ್, ಇಲ್ಲವೇ 2018ರ ಜನವರಿ ಜೊತೆ 2019ರ ಜನವರಿ. ಎರಡು ದಿನಾಂಕಗಳ ನಡುವೆ ಎರಡು ಮೂರು ವಾರಕ್ಕಿಂತ ಹೆಚ್ಚಿನ ಋತುವ್ಯತ್ಯಾಸ ಬೇಡ. ಇದರಿಂದ ನೆರಳಿನ ತೊಂದರೆಯೂ ತಗ್ಗುತ್ತದೆ. ಉಪಗ್ರಹ ಬೆಳಿಗ್ಗೆ ಸುಮಾರು ಹತ್ತೂವರೆಯಿಂದ ಹನ್ನೊಂದರ ಹೊತ್ತಿಗೆ ಹಾದುಹೋಗುವಾಗ ಚಳಿಗಾಲದ ಸೂರ್ಯ ಆಗ್ನೇಯಕ್ಕೆ ಇರುತ್ತಾನೆ, ವಾಯವ್ಯಕ್ಕೆ ಮುಖ ಮಾಡಿದ ಕಡಿದಾದ ಮೈಗೆ ನೆರಳು ಬೀಳುತ್ತದೆ. ಎರಡೂ ಚಿತ್ರದಲ್ಲಿ ನೆರಳು ಒಂದೇ ಜಾಗದಲ್ಲಿದ್ದರೆ ವ್ಯತ್ಯಾಸದಲ್ಲಿ ಅದು ಬಹುಮಟ್ಟಿಗೆ ಕಳೆದುಹೋಗುತ್ತದೆ.

ಹಾಗಾದರೆ ಫೆಬ್ರವರಿವರೆಗೂ ಕಾಯಬಹುದೇ? ಬೇಡ. ಕೊಡಗಿನ ತೇವಕ್ಕೆ ಕುಸಿತದ ಗುರುತು ಬಹಳ ಬೇಗ ಹಸಿರಾಗುತ್ತದೆ. ಜರಿಗಿಡ, ಲಂಟಾನ, ಹುಲ್ಲು ಮೊದಲು ಅಂಚಿನಿಂದ ಏರಿಬರುತ್ತವೆ, ಕಿರಿದಾದ ಕುಸಿತಗಳು ಪೂರ್ತಿ ಮುಚ್ಚಿಹೋಗುತ್ತವೆ. ಮುಂದಿನ ಮಳೆಗಾಲದ ನಂತರದ ಚಿತ್ರ ಬಳಸಿ ಮಾಡಿದ ಪಟ್ಟಿಯಲ್ಲಿ ದೊಡ್ಡವು ಉಳಿದು ಚಿಕ್ಕವು ಮಾಯವಾಗಿರುತ್ತವೆ. ಮೇಲಾಗಿ ಜನವರಿಯಿಂದ ಹುಲ್ಲುಗಾವಲಿನ ಬೆಟ್ಟಗಳಲ್ಲಿ ಬೆಂಕಿ ಬೀಳುತ್ತದೆ, ಸುಟ್ಟ ಜಾಗವೂ ಕುಸಿತದಂತೆಯೇ ಹಸಿರು ಕಳೆದುಕೊಂಡಿರುತ್ತದೆ. ಆಕಾಶ ತಿಳಿಯಾದ ಮೊದಲ ಚಿತ್ರವೇ ಸರಿ, ಸಾಮಾನ್ಯವಾಗಿ ಅದು ನವೆಂಬರ್–ಡಿಸೆಂಬರ್.

ಹಂತ 2: ಅಂಕಿಗಳನ್ನು ಒಂದೇ ಅಳತೆಗೆ ತರುವುದು

ಇಲ್ಲಿ ಎಡವುವವರು ಬಹಳ. ವಾತಾವರಣದ ಪರಿಣಾಮ ಕಳೆದ ಎಲ್‌2ಎ ದತ್ತಾಂಶ ಯುರೋಪಿನ ಹೊರಗೆ ನಿಯಮಿತವಾಗಿ ಬರತೊಡಗಿದ್ದು 2018ರ ಡಿಸೆಂಬರ್‌ನಿಂದ. ಅದಕ್ಕೂ ಹಿಂದಿನದಕ್ಕೆ ಮರುಸಂಸ್ಕರಿಸಿದ ಕಲೆಕ್ಷನ್-1 ಕಡತ ಹುಡುಕಿ. ಸಿಗದಿದ್ದರೆ ವಾತಾವರಣದ ಪರಿಣಾಮ ಕಳೆಯದ ಎಲ್‌1ಸಿ ಇಳಿಸಿ ಸೆನ್2ಕೋರ್ ಎಂಬ ಉಚಿತ ಸಾಧನದಲ್ಲಿ ನೀವೇ ಎಲ್‌2ಎ ಮಾಡಿಕೊಳ್ಳಿ. ಒಂದು ಎಲ್‌1ಸಿ, ಇನ್ನೊಂದು ಎಲ್‌2ಎ ಇಟ್ಟು ಹೋಲಿಸಬಾರದು.

ಇನ್ನೊಂದು ಬಲೆ ಇದಕ್ಕಿಂತ ಗಟ್ಟಿ. 2022ರ ಜನವರಿ 25ರಿಂದ ಜಾರಿಯಾದ 04.00 ಸಂಸ್ಕರಣಾ ಆವೃತ್ತಿಯಿಂದ ಪ್ರತಿ ಪಿಕ್ಸೆಲ್ ಮೌಲ್ಯಕ್ಕೆ 1000 ಸೇರಿಸಿ ಕೊಡಲಾಗುತ್ತಿದೆ. ಕಲೆಕ್ಷನ್-1ರಲ್ಲೂ ಹಾಗೆಯೇ. ಕಡತದ ಹೆಸರಿನಲ್ಲಿ ಎನ್ ಅಕ್ಷರದ ಮುಂದಿರುವ ನಾಲ್ಕು ಅಂಕಿ 0400 ಅಥವಾ ಹೆಚ್ಚಿದ್ದರೆ ಲೆಕ್ಕಕ್ಕೆ ಮುನ್ನ ಪ್ರತಿ ಬ್ಯಾಂಡಿನಿಂದ 1000 ಕಳೆಯಿರಿ. ಮರೆತರೆ ಏನಾಗುತ್ತದೆ ನೋಡಿ. ಒಳ್ಳೆಯ ಕಾಡಿನ ಪಿಕ್ಸೆಲ್‌ನಲ್ಲಿ ಕೆಂಪು 300, ಅವಕೆಂಪು 3300 ಇದ್ದರೆ, ಅವಕೆಂಪಿನಿಂದ ಕೆಂಪು ಕಳೆದು ಎರಡರ ಮೊತ್ತದಿಂದ ಭಾಗಿಸಿ ಬರುವ ಹಸಿರಿನ ಸೂಚ್ಯಂಕ ಎನ್‌ಡಿವಿಐ 3000 ಭಾಗಿಸು 3600, ಅಂದರೆ 0.83. ಎರಡಕ್ಕೂ 1000 ಸೇರಿದರೆ 3000 ಭಾಗಿಸು 5600, ಅಂದರೆ 0.54. ಒಂದು ಎಲೆಯೂ ಉದುರದೆ 0.29 ಇಳಿಕೆ, ಇಡೀ ಪುಷ್ಪಗಿರಿ ಕಾಡೇ ಕುಸಿದಂತೆ ನಕ್ಷೆ ಬರುತ್ತದೆ. ಅಂತರ್ಜಾಲದಲ್ಲೇ ಚಿತ್ರ ಸಂಸ್ಕರಿಸುವ ಗೂಗಲ್ ಅರ್ಥ್ ಎಂಜಿನ್ ಬಳಸುವವರು ಹಾರ್ಮೊನೈಸ್ಡ್ ಎಂಬ ಹೆಸರಿನ ಸಂಗ್ರಹ ಆರಿಸಿದರೆ ಈ ಕಳೆಯುವ ಕೆಲಸ ಆಗಿಯೇ ಇರುತ್ತದೆ.

ಮೋಡ ತೆಗೆಯಲು ಎಲ್‌2ಎ ಜೊತೆ ಬರುವ ಎಸ್‌ಸಿಎಲ್ ಪದರದ 3, 8, 9, 10ನೇ ವರ್ಗಗಳನ್ನು (ಮೋಡ ಮತ್ತು ಅದರ ನೆರಳು) ಬಿಡುವುದು ರೂಢಿ. ಆದರೆ ಹೊಸದಾಗಿ ಬಯಲಾದ ತಿಳಿ ಬಣ್ಣದ ಮಣ್ಣನ್ನು ಆ ಪದರ ಕೆಲವೊಮ್ಮೆ ಮೋಡವೆಂದು ಗುರುತಿಸುತ್ತದೆ, ನೀವು ಹುಡುಕುತ್ತಿರುವುದೇ ಕತ್ತರಿಸಿಹೋಗುತ್ತದೆ. ತಾಲ್ಲೂಕು ಮಟ್ಟದ ಕೆಲಸಕ್ಕೆ ಮೋಡವನ್ನು ಕಣ್ಣಲ್ಲೇ ನೋಡಿ ಕೈಯಲ್ಲೇ ಪಾಲಿಗನ್ (ಮುಚ್ಚಿದ ಗಡಿರೇಖೆ) ಎಳೆದು ತೆಗೆಯುವುದು ಮೇಲು.

ಹಂತ 3: ಎನ್‌ಡಿವಿಐ ವ್ಯತ್ಯಾಸ

ಎರಡೂ ಚಿತ್ರವನ್ನು ಕ್ಯೂಜಿಐಎಸ್‌ಗೆ ಹಾಕಿ. ಪ್ರಕ್ಷೇಪ ಯುಟಿಎಂ ವಲಯ 43 ಉತ್ತರ, ಇಪಿಎಸ್‌ಜಿ ಸಂಖ್ಯೆ 32643. ರಾಸ್ಟರ್ ಕ್ಯಾಲ್ಕುಲೇಟರ್‌ನಲ್ಲಿ ಪ್ರತಿ ಚಿತ್ರಕ್ಕೆ ಬಿ8ರಿಂದ (ಅವಕೆಂಪು) ಬಿ4 (ಕೆಂಪು) ಕಳೆದು, ಬಿ8 ಮತ್ತು ಬಿ4ರ ಮೊತ್ತದಿಂದ ಭಾಗಿಸಿ. ಬಳಿಕ ನಂತರದ ಎನ್‌ಡಿವಿಐನಿಂದ ಮುಂಚಿನದನ್ನು ಕಳೆಯಿರಿ. ಕುಸಿದ ಕಡೆ ಉತ್ತರ ಋಣ ಸಂಖ್ಯೆ.

ಮಿತಿ ಎಷ್ಟಿರಬೇಕು? ಮೈನಸ್ 0.25ರಿಂದ ಆರಂಭಿಸಬಹುದು, ಆದರೆ ಅದನ್ನೇ ಅಂತಿಮ ಮಾಡಬೇಡಿ. ಗೂಗಲ್ ಅರ್ಥ್ ಪ್ರೊದಲ್ಲಿ ಹಳೆಯ ಚಿತ್ರಗಳ ಗುಂಡಿ ಒತ್ತಿ ಖಚಿತವಾಗಿ ಕುಸಿದ ಹತ್ತು ಹದಿನೈದು ಜಾಗ, ಖಚಿತವಾಗಿ ಏನೂ ಆಗದ ಇಪ್ಪತ್ತು ಜಾಗ ಗುರುತಿಸಿ. ಏನೂ ಆಗದ್ದರಲ್ಲಿ ಕಾಡು ಮಾತ್ರವಲ್ಲ, ಕಾಫಿ ತೋಟ, ಗದ್ದೆ, ಹುಲ್ಲುಗಾವಲು ಎಲ್ಲವೂ ಇರಲಿ. ಎರಡೂ ಗುಂಪಿನ ಮೌಲ್ಯ ಓದಿ ನಡುವೆ ಮಿತಿ ಇಡಿ. ಎರಡು ಗುಂಪು ಒಂದಕ್ಕೊಂದು ಬೆರೆತಿದ್ದರೆ ಮಿತಿಯನ್ನು ಸಡಿಲವಾಗಿಯೇ ಇಡಿ. ಹೆಚ್ಚಾಗಿ ಬಂದದ್ದನ್ನು ಆಮೇಲೆ ಅಳಿಸಬಹುದು, ಬಿಟ್ಟುಹೋದದ್ದನ್ನು ಹುಡುಕುವುದು ಕಷ್ಟ.

ಮಿತಿ ಹಾಕಿದ ಮೇಲೆ ಮೊರದಿಂದ ರಾಗಿ ಚೆಲ್ಲಿದಂತೆ ಒಂಟಿ ಪಿಕ್ಸೆಲ್‌ಗಳು ಎಲ್ಲೆಡೆ ಕಾಣುತ್ತವೆ. ಸೀವ್ ಎಂಬ ಸಾಧನದಲ್ಲಿ ಹತ್ತು ಪಿಕ್ಸೆಲ್‌ಗಿಂತ ಕಡಿಮೆ ಇರುವ ಗುಂಪು ತೆಗೆಯಿರಿ. ರಸ್ತೆ, ಕೆರೆ, ಗದ್ದೆಗಳ ಒಂದೇ ಬದಿಯ ಅಂಚಿನಲ್ಲಿ ತೆಳು ಗೆರೆಗಳು ಉಳಿದಿದ್ದರೆ ಎರಡು ಚಿತ್ರಗಳು ಪಿಕ್ಸೆಲ್‌ನಷ್ಟು ಸರಿದಿವೆ ಎಂದರ್ಥ. 2021ಕ್ಕೂ ಹಿಂದಿನ ಚಿತ್ರಗಳಲ್ಲಿ ಇದು ಸಾಮಾನ್ಯ. ಒಂದು ಚಿತ್ರವನ್ನು ಅಗತ್ಯವಿದ್ದಷ್ಟು ಸರಿಸಿ ಮತ್ತೆ ಲೆಕ್ಕ ಹಾಕಿ.

ಹಂತ 4: ಇಳಿಜಾರು

ಡಿಇಎಂ ಅಕ್ಷಾಂಶ–ರೇಖಾಂಶದಲ್ಲಿ ಬರುತ್ತದೆ. ಹಾಗೆಯೇ ಸ್ಲೋಪ್ ಸಾಧನಕ್ಕೆ ಕೊಟ್ಟರೆ ಅಡ್ಡ ಅಳತೆ ಡಿಗ್ರಿಯಲ್ಲಿ, ಎತ್ತರ ಮೀಟರ್‌ನಲ್ಲಿ ಸೇರಿ ಇಡೀ ಜಿಲ್ಲೆ 89 ಡಿಗ್ರಿ ಗೋಡೆಯಾಗುತ್ತದೆ. ಮೊದಲು ವಾರ್ಪ್ ಸಾಧನದಲ್ಲಿ 32643ಕ್ಕೆ ಬದಲಿಸಿ. ಆಗ ಮರುಮಾದರಿ ವಿಧಾನ ಬೈಲೀನಿಯರ್ ಇರಲಿ, ನಿಯರೆಸ್ಟ್ ನೇಬರ್ ಇಟ್ಟರೆ ಇಳಿಜಾರಿನ ನಕ್ಷೆಯಲ್ಲಿ ಪಟ್ಟೆಗಳು ಮೂಡುತ್ತವೆ.

15 ಡಿಗ್ರಿಗಿಂತ ಕಡಿಮೆ ಇಳಿಜಾರಿನ ಪಿಕ್ಸೆಲ್‌ಗಳನ್ನೆಲ್ಲ ತೆಗೆದುಬಿಡಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಕೊಡಗಿಗೆ ಅದು ತಪ್ಪು. ಇಲ್ಲಿ ಆಳವಾಗಿ ಶಿಥಿಲಗೊಂಡ ಮಣ್ಣು ನೀರು ಕುಡಿದು ಕೆಸರಾಗಿ ಹಳ್ಳ ಹಿಡಿದು ಹರಿಯುತ್ತದೆ, ಕೊನೆಗೆ ಗದ್ದೆಯ ಬಯಲಲ್ಲಿ ಹರಡಿಕೊಳ್ಳುತ್ತದೆ. ಪಿಕ್ಸೆಲ್ ಲೆಕ್ಕದಲ್ಲಿ ಕತ್ತರಿಸಿದರೆ ಕುಸಿತದ ತಲೆ ಉಳಿದು ಬಾಲ ಹೋಗುತ್ತದೆ, ಮನೆಗಳು ಹೆಚ್ಚಾಗಿ ಇರುವುದು ಬಾಲದ ಕಡೆಯೇ. ಬದಲಿಗೆ ಪಾಲಿಗೊನೈಸ್ ಮಾಡಿ, ಝೋನಲ್ ಸ್ಟ್ಯಾಟಿಸ್ಟಿಕ್ಸ್‌ನಿಂದ ಪ್ರತಿ ಪಾಲಿಗನ್ನಿನ ಗರಿಷ್ಠ ಇಳಿಜಾರು ತೆಗೆಯಿರಿ. ಗರಿಷ್ಠವೇ 15 ಡಿಗ್ರಿ ದಾಟದ ಪಾಲಿಗನ್ ಮಾತ್ರ ಬಿಡಿ.

ಹಂತ 5: ಕಣ್ಣಿನ ಪರೀಕ್ಷೆ

ಇದನ್ನು ಯಂತ್ರಕ್ಕೆ ಬಿಟ್ಟುಕೊಡಬೇಡಿ. ನಂತರದ ಚಿತ್ರವನ್ನು ಬಿ8, ಬಿ4, ಬಿ3 ಕ್ರಮದಲ್ಲಿ ತೋರಿಸಿ: ಹಸಿರು ಕಡುಗೆಂಪಾಗಿಯೂ ಬರಿಮಣ್ಣು ಬೂದು ಹಸಿರಿನ ಛಾಯೆಯಲ್ಲಿಯೂ ಕಾಣುತ್ತದೆ. ಕೆಳಗೆ ಹಿಲ್‌ಶೇಡ್ (ಡಿಇಎಂನಿಂದ ಮಾಡಿದ ಗುಡ್ಡಗಳ ನೆರಳಿನ ಚಿತ್ರ) ಇರಲಿ. ನಿಜವಾದ ಕುಸಿತ ಇಳಿಜಾರಿನ ದಿಕ್ಕಿಗೆ ಉದ್ದವಾಗಿರುತ್ತದೆ. ಮೇಲ್ಗಡೆ ಅಗಲವಾದ ಬಾಗಿದ ತಲೆ, ನಡುವೆ ಕಿರಿದಾದ ದಾರಿ, ಕೆಳಗೆ ಮತ್ತೆ ಅಗಲ. ಕೆಲವೊಮ್ಮೆ ಎರಡು ಮೂರು ತಲೆಗಳು ಒಂದೇ ತೋಡಿಗೆ ಬಂದು ಸೇರುತ್ತವೆ. ಆಗ ಮೂಲಗಳನ್ನು ಬೇರೆ ಬೇರೆ ಎಣಿಸಿ, ಹರಿವಿನ ದಾರಿಯನ್ನು ಒಂದೇ ಪಾಲಿಗನ್ ಮಾಡಿ.

ಮೋಸ ಮಾಡುವವು ಇವು. ಮರಗಸಿ ಮಾಡಿದ (ನೆರಳಿನ ಮರಗಳ ಕೊಂಬೆ ಸವರಿದ) ಕಾಫಿ ತೋಟದಲ್ಲಿ ಇಳಿಕೆ ಸೌಮ್ಯವಾಗಿದ್ದು ಅಂಚು ತೋಟದ ಗಡಿಗೆ ಸರಿಯಾಗಿ ನಿಲ್ಲುತ್ತದೆ. ಹೋಂ ಸ್ಟೇಗೆ ಮಟ್ಟ ಮಾಡಿದ ಜಾಗ ಚೌಕಾಕಾರ, ರಸ್ತೆಗೆ ಅಂಟಿಕೊಂಡಿರುತ್ತದೆ. ಹೊಸ ರಸ್ತೆ ಇಳಿಜಾರಿಗೆ ಅಡ್ಡ ಹೋಗುತ್ತದೆ. ಆದರೆ ಅದೇ ರಸ್ತೆಯ ಕೆಳಬದಿಯಿಂದ ಇಳಿಜಾರಿನುದ್ದಕ್ಕೂ ನಾಲಿಗೆ ಚಾಚಿದ್ದರೆ ಅದು ಕುಸಿತ, ಇಲ್ಲವೇ ಜೆಸಿಬಿ ತಳ್ಳಿದ ಮಣ್ಣು. ಇವೆರಡನ್ನು ಚಿತ್ರದಲ್ಲಿ ಬೇರ್ಪಡಿಸಲಾಗದು, ಸ್ಥಳಕ್ಕೇ ಹೋಗಬೇಕು. ಕಲ್ಲುಕ್ವಾರಿ ಮುಂಚಿನ ಚಿತ್ರದಲ್ಲೂ ಅರ್ಧ ಇದ್ದೇ ಇರುತ್ತದೆ.

ಪ್ರತಿ ಪಾಲಿಗನ್ನಿಗೆ ಬರೆಯಬೇಕಾದ ಕಾಲಂಗಳು: ಕ್ರಮಸಂಖ್ಯೆ, ಮೂಲವೇ ದಾರಿಯೇ ಶೇಖರಣೆಯೇ, ಮುಂಚಿನ ಮತ್ತು ನಂತರದ ಚಿತ್ರದ ದಿನಾಂಕ, ಮುಂಚೆ ನೆಲ ಏನಾಗಿತ್ತು, ಗರಿಷ್ಠ ಇಳಿಜಾರು, ವಿಸ್ತೀರ್ಣ, ಮತ್ತು 1ರಿಂದ 3ರವರೆಗಿನ ಭರವಸೆಯ ಅಂಕ (1 ಎಂದರೆ ಅತಿ ಕಡಿಮೆ ಭರವಸೆ). ಕುಸಿದ ದಿನಾಂಕವೆಂದು ಚಿತ್ರದ ದಿನಾಂಕ ಹಾಕಬೇಡಿ. ಎರಡು ಚಿತ್ರಗಳ ನಡುವೆ ಯಾವತ್ತಾದರೂ ಆಗಿರಬಹುದು.

ವಿಸ್ತೀರ್ಣದ ವಿಷಯದಲ್ಲಿ ನಕ್ಷೆ ತೋರಿಸುವುದು ಮೇಲಿನಿಂದ ಕಂಡ ಅಳತೆ. ಇಳಿಜಾರಿನ ಮೇಲಿನ ನಿಜವಾದ ಅಳತೆಗೆ ಇಳಿಜಾರು ಕೋನದ ಕೊಸೈನ್‌ನಿಂದ ಭಾಗಿಸಿ. 30 ಡಿಗ್ರಿಗೆ ಅದು 0.866, ಅಂದರೆ ಶೇಕಡಾ 15ರಷ್ಟು ಹೆಚ್ಚು. ಕಂದಾಯದ ದಾಖಲೆಯ ಜೊತೆ ಹೋಲಿಸುವಾಗ ಸಮತಲದ ಅಳತೆಯನ್ನೇ ಬಳಸಿ.

ಸ್ಥಳ ಪರೀಕ್ಷೆಗೆ ಎಲ್ಲ ಕಡೆ ಹೋಗಬೇಕಿಲ್ಲ. ಭರವಸೆಯ ಅಂಕ 1 ಇರುವವನ್ನೆಲ್ಲ ನೋಡಿ, ಉಳಿದವುಗಳಲ್ಲಿ ಚೀಟಿ ಎತ್ತಿದಂತೆ ಕೆಲವನ್ನು ಆರಿಸಿ. ಪಟ್ಟಿಯಲ್ಲಿ ಇಲ್ಲದ ಜಾಗಗಳಿಗೂ ಹೋಗಬೇಕು, ಇಲ್ಲದಿದ್ದರೆ ಬಿಟ್ಟುಹೋದದ್ದು ಎಷ್ಟೆಂದು ತಿಳಿಯುವುದೇ ಇಲ್ಲ. ಮಳೆಯ ಲೆಕ್ಕಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪನ ಜಾಲ ಇದೆ. ಘಟ್ಟದಲ್ಲಿ ಒಂದು ಗುಡ್ಡ ದಾಟಿದರೆ ಮಳೆ ಬದಲಾಗುವುದರಿಂದ ಉಪಗ್ರಹದ 10 ಕಿಲೋಮೀಟರ್ ಪಿಕ್ಸೆಲ್‌ಗಿಂತ ಇದೇ ವಾಸಿ.

ಮಳೆಗಾಲದ ನಡುವೆಯೇ ಬೇಕಾದರೆ

ಮೋಡ ದಾಟುವುದು ರೇಡಾರ್ ಮಾತ್ರ. ಯುರೋಪಿನ ರೇಡಾರ್ ಉಪಗ್ರಹ ಸೆಂಟಿನೆಲ್-1ರ ಜಿಆರ್‌ಡಿ (ಪ್ರತಿಫಲನದ ಬಲ ಮಾತ್ರ ಇರುವ) ಚಿತ್ರಗಳನ್ನು ಅರ್ಥ್ ಎಂಜಿನ್‌ನಲ್ಲಿ ತೆಗೆದುಕೊಳ್ಳಿ. ಒಂದೇ ಸಾಪೇಕ್ಷ ಕಕ್ಷೆ ಸಂಖ್ಯೆಯ (ಅದೇ ದಾರಿಯಲ್ಲಿ ಹಾದಾಗ ತೆಗೆದ) ಚಿತ್ರಗಳು ಮಾತ್ರ ಒಂದು ಗುಂಪಿಗೆ ಬರಲಿ. ಒಂದೊಂದೇ ಚಿತ್ರ ಹೋಲಿಸಿದರೆ ಸ್ಪೆಕಲ್ ಎಂಬ ಗೊಂದಲ ಬಿಟ್ಟು ಬೇರೇನೂ ಕಾಣದು. ಒಂದು ಉಪಗ್ರಹಕ್ಕೆ 12 ದಿನಕ್ಕೊಮ್ಮೆ ಸರದಿ ಎಂದು ಹಿಡಿದರೆ ಮುಂಚಿನ ಐದು, ನಂತರದ ನಾಲ್ಕೈದು ಚಿತ್ರಗಳ ಸರಾಸರಿ ಬೇಕು. ಮುಂಚಿನ ಗುಂಪು ಬೇಸಿಗೆಯದಾಗದಿರಲಿ, ಜೂನ್–ಜುಲೈಯದಾಗಿರಲಿ. ಒದ್ದೆ ಮಣ್ಣು ತಾನಾಗಿಯೇ ಹೆಚ್ಚು ಪ್ರತಿಫಲಿಸುತ್ತದೆ.

ಮರ ಹೋದ ಜಾಗದಲ್ಲಿ ವಿಎಚ್ ಧ್ರುವೀಕರಣದ (ಲಂಬವಾಗಿ ಕಳಿಸಿ ಅಡ್ಡಲಾಗಿ ಪಡೆದ) ಸಂಕೇತ ಸಾಮಾನ್ಯವಾಗಿ ಇಳಿಯುತ್ತದೆ, 2–3 ಡೆಸಿಬೆಲ್ ಇಳಿಕೆಯಿಂದ ಹುಡುಕಲು ಶುರು ಮಾಡಿ. ವಿವಿ (ಲಂಬವಾಗಿ ಕಳಿಸಿ ಲಂಬವಾಗಿಯೇ ಪಡೆದ) ಸಂಕೇತ ಎರಡೂ ಕಡೆ ಹೋಗಬಹುದು. ದಿಕ್ಕೂ ಮುಖ್ಯ. ಉತ್ತರದಿಂದ ದಕ್ಷಿಣಕ್ಕೆ ಇಳಿಯುವ ಕಕ್ಷೆಯಲ್ಲಿ ರೇಡಾರ್ ಪಶ್ಚಿಮಕ್ಕೆ ನೋಡುತ್ತದೆ, ಹಾಗಾಗಿ ಘಟ್ಟದ ಪಶ್ಚಿಮ ಮೈ ಚೆನ್ನಾಗಿ ಕಂಡು ಪೂರ್ವ ಮೈ ಮಡಚಿಕೊಳ್ಳುತ್ತದೆ. ಏರುವ ಕಕ್ಷೆಯಲ್ಲಿ ತಿರುಗುಮುರುಗು. ಇದರಿಂದ ಬರುವ ನಕ್ಷೆ ಯಾವ ಗ್ರಾಮಕ್ಕೆ ಮೊದಲು ಹೋಗಬೇಕು ಎಂದು ತಿಳಿಯಲು ಸಾಕು. ಗಡಿ ಎಳೆಯಲು, ವಿಸ್ತೀರ್ಣ ಹೇಳಲು ಬಳಸಬೇಡಿ.

ನಿಧಾನ ಚಲನೆ ಅಳೆಯುವ ಆಸೆ

ಕುಸಿಯುವ ಮುನ್ನವೇ ಗುಡ್ಡ ತೆವಳುತ್ತಿದೆಯೇ ಎಂದು ಇಂಟರ್‌ಫೆರೋಮೆಟ್ರಿಯಿಂದ ನೋಡಬಹುದು. ಅಲೆಯ ಹಂತವನ್ನೂ ಉಳಿಸಿಕೊಂಡ ಎಸ್‌ಎಲ್‌ಸಿ ಕಡತಗಳು, 16 ಜಿಬಿಗೂ ಮೇಲಿನ ರ್‍ಯಾಮ್, ಸ್ನ್ಯಾಪ್ ತಂತ್ರಾಂಶ ಬೇಕು. ಕ್ರಮ ಹೀಗೆ: ಚಿತ್ರದ ಬೇಕಾದ ಸೀಳನ್ನು ಬೇರ್ಪಡಿಸಿ, ನಿಖರ ಕಕ್ಷೆ ಕಡತ ಸೇರಿಸಿ, ಎರಡು ಚಿತ್ರ ಹೊಂದಿಸಿ, ಇಂಟರ್‌ಫೆರೋಗ್ರಾಂ (ಎರಡರ ಅಲೆಯ ವ್ಯತ್ಯಾಸ ತೋರುವ ಬಣ್ಣದ ಸುತ್ತುಗಳ ಚಿತ್ರ) ಮಾಡಿ, ಬರ್ಸ್ಟ್ ಎಂಬ ತುಂಡುಗಳನ್ನು ಜೋಡಿಸಿ, ಎತ್ತರದ ಪಾಲು ಕಳೆದು, ಗೋಲ್ಡ್‌ಸ್ಟೀನ್ ಸೋಸುಕ ಹಾಕಿ, ಸ್ನಾಫು ಸಾಧನದಲ್ಲಿ ಸುತ್ತುಗಳನ್ನು ಬಿಡಿಸಿ, ಸ್ಥಾನಪಲ್ಲಟಕ್ಕೆ ಪರಿವರ್ತಿಸಿ.

ಸೆಂಟಿನೆಲ್-1ರ ತರಂಗಾಂತರ 5.5 ಸೆಂಟಿಮೀಟರ್‌ಗೆ ಸ್ವಲ್ಪ ಹೆಚ್ಚು. ಒಂದು ಬಣ್ಣದ ಸುತ್ತು ಎಂದರೆ ಉಪಗ್ರಹದ ದೃಷ್ಟಿಗೆರೆಯಲ್ಲಿ ಸುಮಾರು 2.8 ಸೆಂಟಿಮೀಟರ್ ಚಲನೆ. ಈ ತರಂಗ ಕಾಫಿ ಗಿಡ, ಸಿಲ್ವರ್ ಓಕ್ ಎಲೆಗಳಲ್ಲೇ ಚದುರುತ್ತದೆ. ಹನ್ನೆರಡು ದಿನದಲ್ಲಿ ಎಲೆಗಳು ಅಲುಗಾಡಿದ್ದರಿಂದಲೇ ಹೊಂದಾಣಿಕೆ ಹರಿದುಹೋಗುತ್ತದೆ. ಮಡಿಕೇರಿ ಪಟ್ಟಣದ ಕಟ್ಟಡಗಳು, ಬರಿಬಂಡೆ, ಅಗಲ ರಸ್ತೆಗಳಲ್ಲಿ ಮಾತ್ರ ಅರ್ಥವಿರುವ ಸಂಖ್ಯೆ ಸಿಗುತ್ತದೆ. ಉತ್ತರ–ದಕ್ಷಿಣ ದಿಕ್ಕಿನ ಜಾರುವಿಕೆ ಬಹುತೇಕ ಕಾಣುವುದೇ ಇಲ್ಲ. ಮಳೆಗಾಲದ ಗಾಳಿಯ ತೇವವೂ ಬಣ್ಣದ ಸುತ್ತು ಹುಟ್ಟಿಸುತ್ತದೆ, ಒಂದೇ ಜೋಡಿ ನೋಡಿ ಗುಡ್ಡ ಜರುಗಿತು ಎನ್ನಬೇಡಿ. ಅದೇ ಚಲನೆ ಬೇರೆ ಬೇರೆ ದಿನಾಂಕದ ಜೋಡಿಗಳಲ್ಲೂ ಕಾಣಬೇಕು.

2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಾಸಾ–ಇಸ್ರೋ ರೇಡಾರ್ ಉಪಗ್ರಹ ನಿಸಾರ್‌ನ ಎಲ್-ಬ್ಯಾಂಡ್ ತರಂಗಾಂತರ 24 ಸೆಂಟಿಮೀಟರ್. ಎಲೆಗಳ ನಡುವೆ ನುಸುಳಿ ಕೊಂಬೆ, ಕಾಂಡ, ನೆಲದಿಂದ ಹಿಂತಿರುಗುವ ಪಾಲು ಇದರಲ್ಲಿ ಹೆಚ್ಚು, ಹಾಗಾಗಿ ತೋಟದ ಗುಡ್ಡಗಳಿಗೆ ಸೆಂಟಿನೆಲ್-1ಕ್ಕಿಂತ ಇದನ್ನು ನೆಚ್ಚಬಹುದು. ಯಾವುದನ್ನು ಬಳಸಿದರೂ ಕೊಹೆರೆನ್ಸ್ (ಎರಡು ಚಿತ್ರಗಳ ಹೊಂದಾಣಿಕೆ) ಪದರವನ್ನು ಮೊದಲು ತೆರೆಯಿರಿ. ಅದು 0.3ಕ್ಕಿಂತ ಕಡಿಮೆ ಇರುವ ಕಡೆ ಸ್ಥಾನಪಲ್ಲಟದ ನಕ್ಷೆಗೆ ಅಕ್ಕಪಕ್ಕದ ಮೌಲ್ಯ ತುಂಬಿ ಬಣ್ಣ ಬಳಿಯದೆ ಖಾಲಿ ಬಿಡಿ, ಸೂಚಿಯಲ್ಲಿ ಆ ಜಾಗಕ್ಕೆ ಅಳತೆ ಇಲ್ಲ ಎಂದು ಬರೆಯಿರಿ.